ತೋಟದವರ ಲೋಟ

"ಇದೇ ನಮ್ಮದು," ಎಂದು ಅಪ್ಪಣ್ಣ ಎಡಗಡೆಯ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. ಬಲಗಡೆಯದನ್ನು ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ ಆಗಲೇ ದೂರ ಸರಿಸಿಯಾಗಿತ್ತು. "ಅದು ಹುಳಿ. ಯಾರ ತೋಟದ್ದೋ ಏನೋ."

ಎರಡೂ ಲೋಟ ಕಾಫಿ ಮಾಡಿ ತಂದಿಟ್ಟವಳು ಇಂದಿರಾನಗರದ ಆ ಹೊಸ ಕಾಫಿ ಅಂಗಡಿಯ ಒಡತಿ ಐಶ್ವರ್ಯಾ. ಅವಳ ಮುಖ ನೋಡಿದ್ದೇ ಅಪ್ಪಣ್ಣನ ಹೆಂಡತಿ ರುದ್ರಾಣಿಗೆ ಗೊತ್ತಾಯಿತು. ಗಂಡ ದೂರ ತಳ್ಳಿದ್ದೇ ತಮ್ಮ ತೋಟದ ಕಾಫಿ. ನಮ್ಮದೆಂದು ಹಿಡಿದು ಕೂತದ್ದು, ಗಿರಾಕಿಗಳಿಗೆ ವ್ಯತ್ಯಾಸ ತೋರಿಸಲೆಂದು ಶಿವಾಜಿನಗರದಿಂದ ತರಿಸಿಟ್ಟ ಅಗ್ಗದ ಪುಡಿ.

ಮೂಡಿಗೆರೆ ಹತ್ತಿರದ ತೋಟವನ್ನು ಗಂಡ ಮತ್ತು ಮೈದುನ ನೋಡಿಕೊಳ್ಳುತ್ತಿದ್ದರು. ರುದ್ರಾಣಿ ಕಾಕ್ಸ್ ಟೌನಿನಲ್ಲಿ ಬಾಡಿಗೆ ಮನೆ ಹಿಡಿದು, ತಮ್ಮ ಕಾಫಿಯನ್ನು ತೋಟದ ಹೆಸರಿನಲ್ಲೇ ಮಾರಬೇಕೆಂದು ಮೂರು ವರ್ಷದಿಂದ ಅಂಗಡಿ ಅಂಗಡಿ ಅಲೆದಿದ್ದಳು. ಬಾಣಸವಾಡಿಯಿಂದ ಹಲಸೂರಿನವರೆಗೆ ಎಲ್ಲರದೂ ಒಂದೇ ಪ್ರಶ್ನೆ, ಚಿಕೋರಿ ಹಾಕಿಲ್ಲವೇ ಎಂದು. ಚಪ್ಪಲಿ ಸವೆದಿತ್ತು, ಹೇಳಿ ಹೇಳಿ ಮಾತೂ ಸವೆದಿತ್ತು. ಇಲ್ಲೂ ಆಗದಿದ್ದರೆ ಮನೆ ಖಾಲಿ ಮಾಡಿ, ಬೆಳೆಯನ್ನು ಮೊದಲಿನ ಹಾಗೆ ವ್ಯಾಪಾರಿಗೆ ಸುರಿದುಬಿಡುವುದೆಂದು ಊರಿಂದ ಬಂದಿದ್ದ ಗಂಡನೂ ಅವಳೂ ಬೆಳಿಗ್ಗೆಯೇ ತೀರ್ಮಾನಿಸಿದ್ದರು. ಅಲ್ಲಿ ಅದು ಹತ್ತಾರು ತೋಟಗಳ ಬೀಜದೊಂದಿಗೆ ಬೆರೆತು ಹೆಸರಿಲ್ಲದೆ ಹೋಗುತ್ತದೆ.

"ಅಂಕಲ್, ಮನೇಲಿ ನೀವು ಯಾವ ಕಾಫಿ ಕುಡೀತೀರ?" ಎಂದಳು ಐಶ್ವರ್ಯಾ.

ಅಪ್ಪಣ್ಣನಿಗೆ ಆಗ ತನ್ನ ಎಡವಟ್ಟು ಅರ್ಥವಾಯಿತು. ಅವನು ತಲೆ ತಗ್ಗಿಸಿದ್ದರಿಂದ ರುದ್ರಾಣಿಯೇ ಬಾಯಿ ಬಿಡಬೇಕಾಯಿತು. "ನಮ್ಮದೇ ಕಣಮ್ಮಾ. ಆದ್ರೆ ಒಳ್ಳೆ ಹಣ್ಣೆಲ್ಲ ಮಾರೋಕೆ. ನೀರಲ್ಲಿ ತೇಲೋ ಜೊಳ್ಳು, ನೆಲಕ್ಕೆ ಉದುರಿದ್ದು, ಹುಳ ಹೊಡೆದಿದ್ದು ಮನೆಗೆ. ನಮ್ಮತ್ತೆ ಕಾಲದಿಂದ್ಲೂ ಹಂಗೇ." ಇದನ್ನು ಹೇಳಲು ಅವಳಿಗೆ ನಾಚಿಕೆಯಾಗಬೇಕಿತ್ತು. ನಾಚಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

ಐಶ್ವರ್ಯಾ ದೂರ ಸರಿಸಿದ್ದ ಲೋಟವನ್ನು ಮತ್ತೆ ಅಪ್ಪಣ್ಣನ ಮುಂದಿಟ್ಟಳು. ಕಾಫಿ ತನಗೆ ಹಿಡಿಸಿದೆ, ಈ ವರ್ಷದ್ದನ್ನು ಪೂರ್ತಿ ತಾನೇ ಕೊಳ್ಳುತ್ತೇನೆ ಎಂದಳು. ಆದರೆ ಭಾನುವಾರ ಅಂಗಡಿಯ ಉದ್ಘಾಟನೆಗೆ ತೋಟದವರು ಬಂದು ಎಲ್ಲರೆದುರು ಕುಡಿಯುತ್ತಾರೆ ಎಂದು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಳು. "ದಿನಾ ಇದನ್ನೇ ಕುಡಿಯೋದು ಅನ್ನೋ ಹಾಗಿರ್ಬೇಕು ಅಂಕಲ್. ಅವತ್ತೂ ಹೀಗೇ ಮುಖ ಮಾಡಿದ್ರೆ ನನ್ನ ಕತೆ ಮುಗೀತು." ಅಭ್ಯಾಸಕ್ಕೆಂದು ಅವರ ತೋಟದ ಪುಡಿಯನ್ನೇ ಒಂದು ಸಣ್ಣ ಡಬ್ಬಿಯಲ್ಲಿ ತುಂಬಿ ಕೊಟ್ಟಳು.

ಮನೆಗೆ ಬಂದವಳೇ ರುದ್ರಾಣಿ ಹಾಲಿಲ್ಲದ ಕಾಫಿ ಮಾಡಿ ಗಂಡನ ಮುಂದಿಟ್ಟಳು. ಅವನು ಕಷಾಯ ಕುಡಿಯುವವನಂತೆ ಕಣ್ಣು ಮುಚ್ಚಿ ನುಂಗಿದ. "ಮುಖ ನೆಟ್ಟಗಿಟ್ಕೊಳ್ರೀ," ಎಂದಳು. ಎರಡನೆಯ ಗುಟುಕಿಗೆ ನಕ್ಕ. ರೇಷನ್ ಕಾರ್ಡಿನ ಫೋಟೋಗೆ ಕೂತವರ ನಗು ಅದು. ಅಷ್ಟು ಸುಸ್ತಿನಲ್ಲೂ ರುದ್ರಾಣಿಗೆ ನಗು ಬಂತು. ಇನ್ನೊಂದು ಸಲ ಎಂದು ಹೇಳಿಕೊಟ್ಟಳು, ಮತ್ತೊಂದು ಸಲ ಎಂದಳು.

ಆಮೇಲೆ ಅವನು ಹೇಳಿಸಿಕೊಳ್ಳದೆಯೇ ಕುಡಿಯತೊಡಗಿದ. ಕುಡಿದದ್ದನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಏನಾಯಿತೆಂದು ರುದ್ರಾಣಿ ಅವನ ಲೋಟದಿಂದಲೇ ಒಂದು ಗುಟುಕು ಕುಡಿದು ನೋಡಿದಳು. ಮೊದಲು ಹುಳಿ, ಅದು ಇಳಿದ ಮೇಲೆ ಸಿಹಿ, ಆ ಸಿಹಿ ನಾಲಿಗೆ ಬಿಟ್ಟು ಹೋಗಲೊಲ್ಲದು. ಮದುವೆಯಾಗಿ ಬಂದಾಗಿನಿಂದ ಇದೇ ಗಿಡಗಳ ನಡುವೆ ಓಡಾಡಿದ್ದಳು, ಮೂರು ವರ್ಷ ಇದನ್ನೇ ಮಾರಲು ಅಲೆದಿದ್ದಳು, ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ.

"ಇಷ್ಟು ವರ್ಷ ಇದನ್ನ ಯಾರು ಕುಡೀತಿದ್ರೇ?" ಎಂದ ಅಪ್ಪಣ್ಣ.

ಅವನು ಖಾಲಿ ಲೋಟವನ್ನು ಮುಂದೆ ಚಾಚಿ, ಇನ್ನೊಂದಿಷ್ಟು ಮಾಡು ಎಂದ.

ರುದ್ರಾಣಿ ಡಬ್ಬಿಯ ಮುಚ್ಚಳ ಬಿಗಿದು ಮೇಲಿನ ಗೂಡಿಗೆ ಎತ್ತಿಟ್ಟಳು. "ಸಾಕು ಬಿಡ್ರಿ. ನಾಲಿಗೆಗೆ ಹತ್ತಿಬಿಟ್ರೆ ಆಮೇಲೆ ಮಾರೋಕೆ ಮನಸ್ಸು ಬರಲ್ಲ."