ಪಾಲಿಗೆ ಬಂದ ಡಿಸ್ಕು

"ಇದನ್ನ ಬೇರೆ ಯಾರೂ ಮುಟ್ಟಬಾರದು," ಎಂದ ಲುಬರ್ಟ್, ಡಿಸ್ಕನ್ನು ಮೇಜಿನ ಮೇಲಿಟ್ಟು ಕೈ ಮಾತ್ರ ತೆಗೆಯದೆ.

ಕೆಟ್ಟ ಡಿಸ್ಕುಗಳಿಂದ ಕಡತ ಹೊರತೆಗೆಯುವ ಫೆನ್ನಾ ಕನ್ನಡಕದ ಮೇಲಿಂದ ನೋಡಿದಳು. "ನೀವು ಕೈ ತೆಗೆದ್ರೆ ನಾನಾದ್ರೂ ಮುಟ್ತೀನಿ."

ಅದರೊಳಗೆ ಅವನ ಬಿಟ್‌ಕಾಯಿನ್ ತಿಜೋರಿಯ ಕೀಲಿಯಿತ್ತು. ಎಂದೋ ಹಳೇ ಸೈಕಲ್ಲಿನ ಬೆಲೆಗೆ ಕೊಂಡು ಮರೆತದ್ದು. ಈಗ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯಲ್ಲಿ ಮನೆ ಬರುವಷ್ಟು. ಅದು ನೆನಪಾದ ದಿನವೇ ತಾನು ಹೆಂಡತಿ ಅಲೈಡಾಳನ್ನು ಪ್ರೀತಿಸುತ್ತಿಲ್ಲ ಎಂಬ ಸತ್ಯವೂ ಅವನಿಗೆ ಹೊಳೆಯಿತು. ಆಸ್ತಿಯಲ್ಲಿ ಅರ್ಧ ಅವಳದೆಂಬ ಕಾನೂನು ನೆನಪಾದ ಮರುಗಳಿಗೆಯಲ್ಲೇ ಹೊಳೆದದ್ದು ಬರೀ ಕಾಕತಾಳೀಯ.

ವಿಚ್ಛೇದನ ಸಾಂಗವಾಗಿ ನೆರವೇರಿತು. ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಸೀಮೆ ಅದು. ಹೋಟೆಲಿನಲ್ಲಿ ಕುಡಿದ ಸೂಪಿಗೂ ಗಂಡ ಹೆಂಡತಿಗೆ ಬಿಲ್ಲು ಕಳಿಸಿದ ಸಂಸಾರ ಇದು. ಚಮಚಗಳನ್ನೂ ಸಮನಾಗಿ ಹಂಚಿಕೊಂಡರು. ಅಟ್ಟದ ಹಳೆಯ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಎರಡು ಡಿಸ್ಕು. ಪರದೆಯ ಮೇಲೆ ಯಾವಾಗಲೂ ಒಂದೇ ಕಾಣುತ್ತಿತ್ತು. ಇನ್ನೊಂದು ಸತ್ತದ್ದೆಂದೇ ಲುಬರ್ಟನ ನಂಬಿಕೆ. ಗುಂಯ್‌ಗುಡುತ್ತಿದ್ದದ್ದು ಮೇಲಿನದು ಎಂಬ ನೆನಪಿನಿಂದ ಅದನ್ನು ತಾನಿಟ್ಟುಕೊಂಡ.

"ನಂದರಲ್ಲಿ ಏನಿದೆ?" ಅಲೈಡಾ ಕೇಳಿದ್ದಳು.

"ಏನೂ ಇಲ್ಲ. ಬರೀ ತಗಡು. ಏನ್ ಬೇಕಾದ್ರೂ ಮಾಡ್ಕೊ."

"ಆಗ್ಲಿ. ಪಾಲಿಗೆ ಬಂದದ್ದು ಪಂಚಾಮೃತ."

ತನ್ನ ಪಾಲಿನ ಡಿಸ್ಕು ತೆರೆಯದೆ ಇವತ್ತು ಫೆನ್ನಾಳಲ್ಲಿಗೆ ಬರುವಾಗ ಅಲೈಡಾಳ ಹಿತ್ತಲು ದಾಟಿದ್ದ. ಚೆರ್ರಿ ಮರದಲ್ಲಿ ಏನೋ ಫಳಫಳ ಹೊಳೆದು ಕಣ್ಣಿಗೆ ಹೊಡೆದಿತ್ತು. ಒಂಟಿಯಾದರೂ ಶೃಂಗಾರಕ್ಕೆ ಕಡಿಮೆಯಿಲ್ಲ, ಎಂದು ನಕ್ಕಿದ್ದ.

ವಾರ ಕಳೆದು ಫೆನ್ನಾ ಕರೆಸಿದಳು.

"ನಿಮ್ಮ ಡಿಸ್ಕು ಕೆಟ್ಟಿಲ್ಲ. ಗಟ್ಟಿಮುಟ್ಟಾಗಿದೆ."

"ಮತ್ತೆ ಯಾಕೆ ತೆರೀತಿಲ್ಲ?"

"ಇದು ಜೋಡಿದು. ಎರಡು ಅಗ್ಗದ ಡಿಸ್ಕು ಕೂಡಿಸಿ, ಒಂದೇ ದೊಡ್ಡದು ಅನ್ನೋ ಹಾಗೆ ತೋರಿಸ್ತಿದ್ರು. ಪ್ರತಿ ಕಡತನೂ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಒಂದನ್ನ ಬಿಟ್ಟು ಒಂದು ಬಾಳಲ್ಲ." ಅವಳು ಡಿಸ್ಕನ್ನು ಅವನತ್ತ ಸರಿಸಿದಳು. "ಇದರ ಸಂಗಾತಿ ಎಲ್ಲಿ?"

ಲುಬರ್ಟ್ ಸೈಕಲ್ ತುಳಿದ ರಭಸಕ್ಕೆ ಎದುರುಗಾಳಿಯೇ ದಾರಿ ಬಿಟ್ಟಿತು.

ಅಲೈಡಾ ಕಾಫಿ ಕೊಟ್ಟಳು. ಒಂದು ಬಿಸ್ಕತ್ತು ಕೊಟ್ಟಳು. ಡಬ್ಬಿ ಮುಚ್ಚಿದಳು.

"ಆ ಡಿಸ್ಕು ಇದೆಯಲ್ಲ... ನೆನಪಿಗೆ ಇಟ್ಕೊಳ್ಳೋಣ ಅಂತ."

"ನೀನೇ ತಗಡು ಅಂದಿದ್ದೆ."

"ತಗಡೇ. ಎಲ್ಲಿದೆ?"

ಅವಳು ಹಿತ್ತಲ ಬಾಗಿಲು ತೆರೆದಳು. ಮರ ಅವನ ಕಣ್ಣಿಗೆ ಮತ್ತೆ ಫಳ್ಳೆಂದು ಹೊಡೆಯಿತು.

"ಬಿಚ್ಚಿ ನೋಡ್ದೆ, ಒಳಗೆ ಕನ್ನಡಿಯಂಥ ಬಿಲ್ಲೆಗಳು. ದಾರ ಕಟ್ಟಿ ತೂಗಿಹಾಕ್ದೆ. ಗಾಳಿಗೆ ಒಂದಕ್ಕೊಂದು ಉಜ್ಜಿ ಸದ್ದೂ ಮಾಡುತ್ತೆ. ಈ ಸಲ ಒಂದು ಹಕ್ಕಿನೂ ಹಣ್ಣು ಮುಟ್ಟಿಲ್ಲ, ನೋಡು. ಬುಟ್ಟಿ ತಗೊ, ಅರ್ಧ ನಿಂಗೆ."