ಐದನೇ ಕ್ಯಾಂಪಿನ ಚಹಾ

ಏಳು ಸಾವಿರ ಮೀಟರ್ ಎತ್ತರದಲ್ಲಿ ಮೂವರು ಒಂದೇ ಗುಡಾರದಲ್ಲಿ ಮುದುಡಿ ಕೂತಿದ್ದೆವು: ರಾಷ್ಟ್ರೀಯ ತಂಡದ ನಾಯಕರು, ಗೋಕಾಕದ ಹವಾಲ್ದಾರ ಮತ್ತು ನಾನು. ಇಪ್ಪತ್ತು ದಿನ ನೀರು ಕಾಣದ ಮೈಗಳ ನಾತ ಸಹಿಸಬಹುದಿತ್ತು, ನಾಯಕರ ಭಾಷಣವನ್ನಲ್ಲ. ದೆಹಲಿಗೆ ಹೇಳಬೇಕಾದ ಮಾತನ್ನು ಬೆಳಗಿನಿಂದ ನಮ್ಮ ಮೇಲೆ ಅಭ್ಯಾಸ ಮಾಡುತ್ತಿದ್ದರು.

"ಈ ದಾರಿಗೆ ಇದುವರೆಗೆ ಒಂದು ನರಪಿಳ್ಳೆಯೂ ಬಂದಿಲ್ಲ. ನಾವೇ ಮೊದಲು!"

ಹವಾಲ್ದಾರ ಹೊರಗಿನಿಂದ ಹಿಮ ಅಗೆದು ತಂದು, ಕರಗಿಸಿ, ಚಹಾ ಮಾಡಿಕೊಟ್ಟ. ಅರ್ಧ ಲೋಟ ಕುಡಿದ ನಾಯಕರು ಥೂ ಎಂದು ನಾಲಿಗೆಯಿಂದ ಒಂದು ಕೂದಲು ಎಳೆದರು.

"ಅಸಹ್ಯ! ನಿನ್ನ ಕೂದಲು ಕುಡಿಸ್ತೀಯೇನಯ್ಯ?"

ಹವಾಲ್ದಾರ ಟೋಪಿ ತೆಗೆದ. ತಲೆ ನುಣ್ಣಗೆ ಬೋಳು.

"ನನ್ನ ತಲ್ಯಾಗ ಕೂದಲಾರ ಎಲ್ಲಿ ಅದಾವ್ರಿ ಸರ?"

ಕೂದಲು ಮೊಳದುದ್ದವಿತ್ತು. ಮೆಕ್ಕೆಜೋಳದ ತೆನೆಯ ಕೂದಲಿನ ಬಣ್ಣ.

"ಹಿಮ ಎಲ್ಲಿಂದ ತಂದೆ?" ಎಂದೆ.

"ಗುಡಾರದ ಹಿಂದಿನಿಂದ್ರಿ. ಸಲಿಕಿ ಏನಕ್ಕೋ ಬಡೀತು. ಕಲ್ಲ ಇರಬೇಕು ಅನ್ಕೊಂಡ್ನಿ."

ಹೊರಗೆ ಹೋಗಿ ನೋಡಿದೆ. ಅಗೆದ ಗುಳಿಯಲ್ಲಿ ಬಣ್ಣಗೆಟ್ಟ ಕೆಂಪು ಜಾಕೆಟ್ಟು, ಅದರ ಹೆಗಲ ಮೇಲೆ ಅದೇ ಮೆಕ್ಕೆಜೋಳದ ಕೂದಲಿನ ಬಣ್ಣದ ಜಡೆ. ಒಳಗೆ ಬಂದು ನನ್ನ ಲೋಟದ ಚಹಾ ಹೊರಗೆ ಚೆಲ್ಲಿದೆ.

"ಯಾರೋ ಹೆಂಗಸು, ಸಾರ್. ಸೊಂಟದಲ್ಲಿ ಹಗ್ಗ ಇನ್ನೂ ಹಾಗೇ ಇದೆ."

ಅಷ್ಟರಲ್ಲಿ ವೈರ್‌ಲೆಸ್ ಗೊರಗುಟ್ಟಿತು, ದೆಹಲಿಯ ಕರೆ: "ಮುಂಚೆ ಯಾರಾದರೂ ಬಂದ ಗುರುತು ಇದೆಯಾ?"

ನಾಯಕರು ಕೂದಲನ್ನು ಸ್ಟೋವಿನ ಉರಿಗೆ ಹಿಡಿದರು. ಅದು ಚುರುಗುಟ್ಟಿ ನಾತ ಎದ್ದಿತು. ಉಳಿದ ಚಹಾವನ್ನು ಕುಡಿದು ಗಂಟಲು ಸರಿಮಾಡಿಕೊಂಡು, ಗುಂಡಿ ಒತ್ತಿದರು.

"ಒಂದು ನರಪಿಳ್ಳೆಯೂ ಬಂದಿಲ್ಲ, ಸಾರ್. ನಾವೇ ಮೊದಲು."