ಮೇಲಿನ ಸಾಲು

"ಈ ಸಲವೂ ಕೆಂಪು ಬಂದರೆ ತಂತಿ ಹಾಕುವುದೇ," ಎಂದು ತುಮಕೂರಿನ ಹಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಂಪನಾಳ ಕಿವಿಯಲ್ಲೇ ಕೂತಿತ್ತು. ಹಲ್ಲಿನ ಫೋಟೋ ಕಳಿಸಲು ಇವತ್ತೇ ಕಡೆಯ ದಿನ. ಜಗಲಿಯ ಮೇಲೆ ಕೂತು, ಒಂದು ಕೈಯಲ್ಲಿ ತುಟಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಳು.

ಅವಳ ಮೇಲಿನ ಸಾಲಿನಲ್ಲಿ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು. ಡಾಕ್ಟರು ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ, ಕಂಪ್ಯೂಟರಿನಲ್ಲೇ ಅಳತೆ ತೆಗೆದು, ಹಾಕಿಕೊಂಡರೂ ಕಾಣದಂಥ ಪ್ಲಾಸ್ಟಿಕ್ ಕವಚಗಳನ್ನು ಮಾಡಿಸಿಕೊಟ್ಟಿದ್ದರು. ದಿನಕ್ಕೆ ಇಪ್ಪತ್ತೆರಡು ಗಂಟೆ ಹಾಕಿರಬೇಕು, ತಿನ್ನುವಾಗ ಮಾತ್ರ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಆ್ಯಪ್‌ನಲ್ಲಿ ಹಲ್ಲಿನ ಫೋಟೋ ತೆಗೆದರೆ ಅದೇ ನೋಡಿ ಹೇಳುತ್ತದೆ. ಹಸಿರು ಬಂದರೆ ಮುಂದಿನ ಕವಚ, ಕೆಂಪು ಬಂದರೆ ಮಂಗಳಾರತಿ. ತೊಂದರೆ ಏನೆಂದರೆ, ಮನೆಗೆ ಹೊಸ ಕಡಲೆಕಾಯಿ ಬಂದಿತ್ತು. ಬಾಯಿ ಖಾಲಿ ಇದ್ದರಲ್ಲವೇ ಕವಚ ಹಾಕುವುದು? ಅದು ತಿಂಗಳಿಂದ ಡಬ್ಬಿಯಲ್ಲೇ ಮಲಗಿತ್ತು. ಇನ್ನು ತಂತಿಯ ಮಾತು. ದೊಡ್ಡಮ್ಮನ ಮಗಳು ನಂದಿತಾ ತಂತಿ ಹಾಕಿಸಿಕೊಂಡಾಗ ಊರವರು ಅವಳನ್ನು 'ಬೇಲಿ' ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವಳೇ ಇಂಪನಾ.

ಆ್ಯಪ್‌ನ ಕ್ಯಾಮೆರಾದಲ್ಲಿ ನೋಡಿಕೊಂಡರೆ ಹಲ್ಲಿನ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ. ಫೋನನ್ನು ಹಾಗೇ ಜಗಲಿಯ ಮೇಲಿಟ್ಟು ಬಾಯಿ ಮುಕ್ಕಳಿಸಲು ಹಿತ್ತಲಿಗೆ ಓಡಿದಳು. ತಿರುಗಿ ಬಂದರೆ ಫೋನಿಲ್ಲ. ಕೊಟ್ಟಿಗೆಯಿಂದ ಒಂದು ನಯವಾದ ಹೆಣ್ಣುದನಿ ಕೇಳಿಸಿತು.

"ದಯವಿಟ್ಟು ತುಟಿಗಳನ್ನು ಅಗಲಿಸಿ."

"ಅಗಲಿಸ್ತೀನಿ ಇರವ್ವ, ಅವಸರ ಮಾಡ್ಬ್ಯಾಡ," ಎನ್ನುತ್ತಿದ್ದ ತಾತ ಅಡವಿಯಪ್ಪ.

"ಬಹಳ ಚೆನ್ನಾಗಿದೆ. ಈಗ ಎಡಕ್ಕೆ ತಿರುಗಿ."

"ಏ ಕೆಂದ, ತಿರುಗ್ಲಾ! ಆಯಮ್ಮ ಅಷ್ಟು ಮರ್ವಾದೆಯಾಗಿ ಹೇಳ್ತಾವ್ಳೆ."

ಅಡವಿಯಪ್ಪ ದನದ ದಲ್ಲಾಳಿ. ತುಟಿ ಅಗಲಿಸಿ ಹಲ್ಲು ನೋಡಿ ದನದ ವಯಸ್ಸು ಹೇಳುವುದರಲ್ಲಿ ಸಿ.ಎಸ್. ಪುರದ ಸುತ್ತ ಅವನನ್ನು ಮೀರಿಸಿದವರಿಲ್ಲ. ಮಾರಾಟಕ್ಕಿದ್ದ ಕೆಂದ ಎಂಬ ಎತ್ತಿನ ಹಲ್ಲನ್ನು ಮೊದಲು ವಾಟ್ಸಾಪಿನಲ್ಲಿ ತೋರಿಸು, ಆಮೇಲೆ ಬರುತ್ತೇನೆ ಎಂದು ಕೊತ್ತಗೆರೆಯ ನರಸಿಂಹಯ್ಯ ಬೆಳಿಗ್ಗೆ ಹೇಳಿದ್ದ. ಜಗಲಿಯ ಮೇಲೆ ಕ್ಯಾಮೆರಾ ತೆರೆದುಕೊಂಡೇ ಬಿದ್ದಿದ್ದ ಫೋನು ತಾತನ ಕಣ್ಣಿಗೆ ಬಿದ್ದದ್ದೇ ತಡ, ಕೊಟ್ಟಿಗೆಗೆ ಒಯ್ದಿದ್ದ.

"ತಾತಾ! ಏನ್ ಮಾಡ್ಬುಟ್ಟೆ!"

"ಹಲ್ಲಿನ್ ಪೋಟೋ ತಗ್ದೆ ಕಣವ್ವ. ನರಸಿಂಹಯ್ಯಂಗೆ ಹೋತಾ ನೋಡು."

"ಅಯ್ಯೋ, ಅದು ನನ್ ಹಲ್ಲಿನ್ ಆ್ಯಪು!"

ಫೋನಿನಲ್ಲಿ ಆಗಲೇ ಚಕ್ರ ತಿರುಗುತ್ತಿತ್ತು. ಇನ್ನು ತಂತಿ ಗ್ಯಾರಂಟಿ. ನಂದಿತಾ ಬಂದು ತನಗೆ ಯಾವ ಹೆಸರಿಟ್ಟಾಳೋ ಎಂದುಕೊಳ್ಳುತ್ತ ಇಂಪನಾ ಕಣ್ಣು ಮುಚ್ಚಿದಳು. ಟಿಂಗ್ ಎಂದಿತು. ಒಂದೇ ಕಣ್ಣು ತೆರೆದಳು. ಹಸಿರು!

'ಅಭಿನಂದನೆಗಳು ಇಂಪನಾ! ಮೇಲಿನ ಸಾಲಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಏರಿದ್ದ ಸಮಸ್ಯೆ ಸಂಪೂರ್ಣವಾಗಿ ನಿವಾರಣೆಯಾಗಿದೆ.'

ಅವಳು ಎರಡು ಸಲ ಓದಿದಳು. ಆಮೇಲೆ ಕೆಂದನ ಮುಖ ನೋಡಿದಳು.

"ತಾತ, ಇವನ ಮೇಲಿನ ಹಲ್ಲು ಅಷ್ಟು ಚೆನ್ನಾಗವಾ?"

"ದನಕ್ಕೆ ಮುಂದ್ಗಡೆ ಮೇಲಿನ ಹಲ್ಲೆಲ್ಲೈತೆ ಕೂಸೇ? ಬರೀ ವಸಡು. ಹಲ್ಲಿರೋದು ಕೆಳಗಡೆ. ದಲ್ಲಾಳಿ ಮೊಮ್ಮಗಳಾಗಿ ಅಷ್ಟೂ ಗೊತ್ತಿಲ್ವಾ?" ತಾತ ನಕ್ಕ. "ಅದಿರ್ಲಿ, ಏನಂತೆ ಅದು?"

ಡಾಕ್ಟರು ನೋಡುವುದು ಬಣ್ಣವನ್ನು ತಾನೇ? ಬಾಯಿ ಮುಚ್ಚಿಕೊಂಡಿದ್ದರೆ ತಂತಿಯೂ ಇಲ್ಲ, ಬೇಲಿಯೂ ಇಲ್ಲ. ಇಂಪನಾ ನೆಲ ನೋಡುತ್ತ, "ನನ್ ಹಲ್ಲು ಪೂರ್ತಿ ಸರಿಹೋಗೈತಂತೆ," ಎಂದು ಒಂದು ಕಡಲೆಕಾಯಿ ಬಾಯಿಗೆಸೆದುಕೊಂಡಳು.

ಅಡವಿಯಪ್ಪ ಹೆಗಲ ಟವೆಲಿಗೆ ಕೈ ಒರೆಸಿಕೊಂಡು ಹತ್ತಿರ ಬಂದ. ಅವಳ ಗಲ್ಲ ಹಿಡಿದು, ಈಗಷ್ಟೇ ಕೆಂದನಿಗೆ ಮಾಡಿದಂತೆಯೇ ಹೆಬ್ಬೆರಳಿನಿಂದ ತುಟಿ ಅಗಲಿಸಿ, ಮೇಲಿನ ಸಾಲನ್ನು ಒಂದು ಗಳಿಗೆ ನೋಡಿ ಬಿಟ್ಟ.

"ಎರಡೂ ಹಲ್ಲು ಇದ್ದಂಗೇ ಅವೆ. ಹೋಗು, ಆ ಡಬ್ಬಿ ತಗಂಡ್ ಬಾ," ಎಂದವನು ಫೋನನ್ನು ಕೈಗೆತ್ತಿಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದ. "ಇದ್ರೊಳಗೆ ಕೂತಿರೋ ದಲ್ಲಾಳಿ ಯಾವೂರೋಳೇ? ನಲವತ್ತು ವರ್ಷ ದನ ಮಾರಿದೀನಿ, ಇಷ್ಟು ದೊಡ್ ಸುಳ್ಳು ನಾನೂ ಹೇಳಿಲ್ಲ."